ಚಿರತೆ ದಾಟುವ ಗಡಿ, ಜೀಪು ದಾಟದ ಗಡಿ

ದಕ್ಷಿಣ ಆಫ್ರಿಕಾದ ಸಫಾರಿ ಬಗ್ಗೆ ನಮ್ಮ ಕೇಳುಗರು ಬರೆಯುವ ಪತ್ರಗಳಲ್ಲಿ ಆತಂಕ ಹೆಚ್ಚುಕಡಿಮೆ ಒಂದೇ. ಕ್ರೂಗರ್ ಪಕ್ಕದ ಖಾಸಗಿ ರಿಸರ್ವ್‌ನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಕೇಳುವ ದುಡ್ಡಿನಲ್ಲಿ ಇಡೀ ಸಂಸಾರ ಕಬಿನಿಗೆ ಹೋಗಿಬರಬಹುದು, ಅಷ್ಟು ಸುರಿದ ಮೇಲೂ ಸಿಂಹ ಕಾಣದೇ ಹೋದರೆ ಏನು ಗತಿ, ಎಂದು.

ಸಿಂಹದ ಚಿಂತೆ ಅಷ್ಟು ಬೇಡ. ಮೂರು ರಾತ್ರಿ ಉಳಿದು, ಬೆಳಿಗ್ಗೆ ಸಂಜೆ ಎರಡೂ ಸುತ್ತು ತಪ್ಪಿಸದೆ ಹೋದವರಿಗೆ ಅಲ್ಲಿ ಸಿಂಹ ಕಾಣದಿರುವುದೇ ಅಪರೂಪ. ಚಿಂತೆ ಮಾಡಬೇಕಾದದ್ದು ಬೇರೆಯೇ ಇದೆ. ಅದನ್ನು ಯಾರೂ ಕೇಳುವುದಿಲ್ಲ, ಕೇಳದಿದ್ದರೆ ಟ್ರಾವೆಲ್ ಏಜೆಂಟರು ತಾವಾಗಿ ಹೇಳುವುದೂ ಇಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ. ಖಾಸಗಿ ಎಂದರೆ ಬೇಲಿ ಹಾಕಿ ಪ್ರಾಣಿ ಸಾಕಿದ ಜಾಗ, ದೊಡ್ಡದೊಂದು ಮೃಗಾಲಯ ಎಂದು ಬಹಳ ಜನ ನಂಬಿದ್ದಾರೆ. ಅಂಥವೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿನಲ್ಲಿರುವ ಸಾಬಿ ಸ್ಯಾಂಡ್, ಟಿಂಬಾವಟಿ, ಕ್ಲಾಸೆರಿ ಇವುಗಳ ಕಥೆ ಬೇರೆ. 1960ರ ದಶಕದಲ್ಲಿ ಅಲ್ಲಿ ಬೇಲಿ ಎದ್ದದ್ದು ನಿಜ. ದನಗಳಿಗೆ ಕಾಲುಬಾಯಿ ರೋಗ ಹರಡದಿರಲಿ ಎಂಬುದು ಅದರ ಮುಖ್ಯ ಉದ್ದೇಶ. ಮಳೆಯ ಜಾಡು ಹಿಡಿದು ಪೂರ್ವ ಪಶ್ಚಿಮ ಓಡಾಡುತ್ತಿದ್ದ ವೈಲ್ಡ್‌ಬೀಸ್ಟ್ ಹಿಂಡುಗಳಿಗೆ ಅದರಿಂದ ದಾರಿಯೇ ಕಟ್ಟಿತು. 1993ರಲ್ಲಿ ಸಾಬಿ ಸ್ಯಾಂಡ್ ಮತ್ತು ಕ್ರೂಗರ್ ನಡುವಿನ ಬೇಲಿ ಕಿತ್ತರು. ಇವತ್ತು ಆಚೆಯ ಆನೆಯೂ ಈಚೆಯ ಆನೆಯೂ ಒಂದೇ.

ಹಾಗಾದರೆ ದುಡ್ಡು ಕೊಡುವುದು ಯಾತಕ್ಕೆ? ಕ್ರೂಗರ್ ಒಳಗೆ ನಿಮ್ಮ ಕಾರು ರಸ್ತೆ ಬಿಟ್ಟು ಇಳಿಯುವಂತಿಲ್ಲ. ಸಂಜೆ ಗೇಟು ಹಾಕುವ ಹೊತ್ತಿಗೆ ಕ್ಯಾಂಪ್ ಸೇರಿಕೊಳ್ಳಬೇಕು. ಪಕ್ಕದ ಖಾಸಗಿ ಜಮೀನಿನಲ್ಲಿ ತೆರೆದ ಜೀಪು ಪೊದೆಯೊಳಗೆ ನುಗ್ಗಿ ಚಿರತೆಯ ಹಿಂದೆ ಹೋಗಬಹುದು, ಕತ್ತಲಾದ ಮೇಲೂ ಓಡಾಡಬಹುದು. ಬಾನೆಟ್ ಮುಂದಿನ ಪುಟ್ಟ ಸೀಟಿನಲ್ಲಿ ಜಾಡು ನೋಡುವವನೊಬ್ಬ ಕೂತಿರುತ್ತಾನೆ. ಅಲ್ಲಿ ಬೆಲೆ ಇರುವುದು ಇದಕ್ಕೆ.

ಈಗ ಮುಖ್ಯ ವಿಷಯ. ಸಾಬಿ ಸ್ಯಾಂಡ್ ಸುಮಾರು 65,000 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಅರವತ್ತು ಸಾವಿರ ಎಕರೆ. ಕೇಳುವುದಕ್ಕೆ ಭರ್ಜರಿ. ಆದರೆ ಅದು ಒಬ್ಬರ ಜಮೀನಲ್ಲ. ಹಳೆಯ ಕಾಲದ ಫಾರ್ಮುಗಳ ಒಡೆಯರು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಕಾಡು ಒಂದೇ, ಖಾತೆ ಹಲವು. ನಮ್ಮ ಹಳ್ಳಿಗಳಲ್ಲಿ ಪಕ್ಕದ ಹೊಲದ ಮೇಲೆ ಗಾಡಿ ಹೊಡೆಯಲು ಬಂಡಿದಾರಿಯ ಹಕ್ಕು ಬೇಕಲ್ಲ, ಅಲ್ಲೂ ಹಾಗೆಯೇ. ನಿಮ್ಮ ಲಾಡ್ಜಿನ ಜೀಪು ನೆರೆಯವರ ಜಮೀನಿಗೆ ಹೋಗಬೇಕಾದರೆ ಆ ನೆರೆಯವರ ಜೊತೆ ಒಪ್ಪಂದ ಇರಬೇಕು. ಇದ್ದರೆ ಹೋದೀತು, ಇಲ್ಲದಿದ್ದರೆ ಗಡಿಯಲ್ಲೇ ನಿಂತೀತು.

ನಿಲ್ಲುವುದೆಂದರೆ ಹೇಗೆ ಅಂತೀರಿ? ಆ ಕಡೆಯ ಒಂದು ಲಾಡ್ಜಿನಲ್ಲಿ ನಾನು ಕಂಡದ್ದು. ಬೆಳಗಿನ ಜಾವ ಮರಳಿನ ಮೇಲೆ ಹೆಜ್ಜೆ ಸಿಕ್ಕಿತು. ಜಾಡು ನೋಡುವವನು ಇಳಿದು, ಬೆರಳಿನಲ್ಲಿ ಅಂಚು ಮುಟ್ಟಿ, ಹೆಣ್ಣು ಚಿರತೆ, ಈಗಷ್ಟೇ ಹೋಗಿದೆ ಎಂದ. ಮುಳ್ಳುಪೊದೆಗಳ ನಡುವೆ ಹುಡುಕಿ ಹುಡುಕಿ ಕೊನೆಗೆ ಕಂಡೆವು. ಒಣಹಳ್ಳದಲ್ಲಿ ಬಾಲದ ಬಿಳಿ ತುದಿ ಮೇಲೆತ್ತಿ ಅದರ ಪಾಡಿಗೆ ಅದು ನಡೆಯುತ್ತಿತ್ತು. ಹಳ್ಳ ಹತ್ತಿ ಒಂದು ಮಣ್ಣಿನ ಗಾಡಿಜಾಡು ದಾಟಿತು. ರೇಂಜರ್ ಎಂಜಿನ್ ಆರಿಸಿಬಿಟ್ಟ. ಬೇಲಿಯಿಲ್ಲ, ಕಲ್ಲಿಲ್ಲ, ಬೋರ್ಡಿಲ್ಲ. ಆಚೆ ಪಕ್ಕದವರ ಜಮೀನು, ಅಷ್ಟೆ. ಹಿಂದಿನ ಸೀಟಿನವರೊಬ್ಬರು, ಐವತ್ತು ಅಡಿ ಹೋದರೆ ಯಾರು ನೋಡುತ್ತಾರೆ ಅಂದರು. ಅವನು ಉತ್ತರವನ್ನೂ ಕೊಡಲಿಲ್ಲ. ಆಚೆ ಕಡೆಯ ಜೀಪು ಆಗಲೇ ವೈರ್‌ಲೆಸ್ಸಿನಲ್ಲಿ ಸುದ್ದಿ ಕೇಳಿ ಬಂದು ಕಾಯುತ್ತಿತ್ತು. ಅದರಲ್ಲಿದ್ದವರು ನಮಗೆ ಕೈ ಬೀಸಿ, ನಮ್ಮ ಚಿರತೆಯ ಹಿಂದೆ ಹೊರಟುಹೋದರು.

ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರಿಸರ್ವ್ ಎಷ್ಟು ದೊಡ್ಡದು ಎಂಬುದು ಒಂದು, ನಿಮ್ಮ ಜೀಪು ಓಡಾಡಬಹುದಾದ ನೆಲ ಎಷ್ಟು ಎಂಬುದು ಇನ್ನೊಂದು. ಜಾಹೀರಾತಿನಲ್ಲಿ ಹಾಕುವುದು ಮೊದಲಿನದು, ನಿಮ್ಮ ಅನುಭವಕ್ಕೆ ಬರುವುದು ಎರಡನೆಯದು. ಒಂದು ಗಂಡು ಚಿರತೆ ಹತ್ತಾರು ಚದರ ಕಿಲೋಮೀಟರ್ ಸುತ್ತುತ್ತದೆ. ನಿಮ್ಮ ಲಾಡ್ಜಿಗೆ ಇರುವುದು ಎರಡು ಸಾವಿರ ಹೆಕ್ಟೇರ್, ಅಂದರೆ ಇಪ್ಪತ್ತು ಚದರ ಕಿಲೋಮೀಟರ್ ಮಾತ್ರ ಎಂದಾದರೆ, ಅದು ಎಷ್ಟು ಬೇಗ ನಿಮ್ಮ ಕೈ ತಪ್ಪೀತು, ನೀವೇ ಎಣಿಸಿ. ಅದೇ ಸಾಬಿ ಸ್ಯಾಂಡ್ ಒಳಗೆ, ಒಂದೇ ಕಡೆ 13,000 ಹೆಕ್ಟೇರ್‌ಗೂ ಮೀರಿದ ನೆಲದಲ್ಲಿ ಓಡಾಡುವವರೂ ಇದ್ದಾರೆ. ಹೆಸರು ಹೇಳುವುದಿಲ್ಲ, ಬಾನುಲಿಯಲ್ಲಿ ಹೋಟೆಲ್ ಜಾಹೀರಾತು ಮಾಡಬಾರದು.

ಹಾಗಾಗಿ ಮುಂಗಡ ಕಟ್ಟುವ ಮೊದಲು ಬರೆದು ಕೇಳಿ. ನಿಮ್ಮ ಜೀಪುಗಳು ಎಷ್ಟು ಹೆಕ್ಟೇರ್‌ನಲ್ಲಿ ಓಡಾಡುತ್ತವೆ? ಅದೇ ನೆಲದಲ್ಲಿ ಬೇರೆಯವರ ಜೀಪುಗಳು ಎಷ್ಟು? ಒಂದು ಪ್ರಾಣಿಯ ಬಳಿ ಒಮ್ಮೆಗೆ ಎಷ್ಟು ಗಾಡಿ ಬಿಡುತ್ತೀರಿ? ಎರಡು ಮೂರು ಎಂದರೆ ಸರಿ. ಉತ್ತರದಲ್ಲಿ ಅಂಕಿ ಇಲ್ಲದೆ ಬರೀ ಸೂರ್ಯಾಸ್ತದ ಫೋಟೋ ಬಂದರೆ ಬೇರೆ ಕಡೆ ನೋಡಿ. ಬಾಡಿಗೆ ಹೆಚ್ಚಿದ್ದರೆ ಪ್ರಾಣಿ ಹೆಚ್ಚು ಎಂಬ ನಂಬಿಕೆಯನ್ನಂತೂ ಬಿಟ್ಟುಬಿಡಿ. ಆ ದುಡ್ಡಿನ ಬಹುಪಾಲು ಸ್ನಾನದ ತೊಟ್ಟಿಗೂ ವೈನಿಗೂ ಹೋಗಿರುತ್ತದೆ. ಸಿಂಹಕ್ಕೆ ಅದರ ಗೊಡವೆಯಿಲ್ಲ.

ಕೆನ್ಯಾದ ಮಾಸಾಯಿ ಮಾರಾ ಸುತ್ತಲಿನ ಕನ್ಸರ್ವೆನ್ಸಿಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಅಲ್ಲಿ ನೆಲ ಮಾಸಾಯಿ ಕುಟುಂಬಗಳದ್ದು, ಕ್ಯಾಂಪಿನವರು ಗುತ್ತಿಗೆ ಹಣ ಕೊಡುತ್ತಾರೆ. 700 ಎಕರೆಗೆ ಒಂದೇ ಡೇರೆ ಎಂಬ ಕಟ್ಟುಪಾಡು ಇಟ್ಟುಕೊಂಡಿರುವಲ್ಲಿ ಗಾಡಿಗಳ ಜಾತ್ರೆ ಇರುವುದಿಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಓಡಿಸುತ್ತೇನೆ. ಚಿಕ್ಕ ಮಕ್ಕಳಿದ್ದರೆ ಕ್ರೂಗರ್ ಕಡೆ ಬೇಡ. ಅದು ಮಲೇರಿಯಾ ಸೀಮೆ, ಅದರಲ್ಲೂ ಸೆಪ್ಟೆಂಬರಿನಿಂದ ಮೇವರೆಗೆ. ಮೇಲಾಗಿ ಆರು ವರ್ಷದೊಳಗಿನವರನ್ನು ಬಹಳ ಲಾಡ್ಜುಗಳು ಜೀಪಿಗೆ ಹತ್ತಿಸುವುದಿಲ್ಲ, ಬುಕಿಂಗ್‌ಗೆ ಮೊದಲೇ ಕೇಳಿಕೊಳ್ಳಿ. ಅದರ ಬದಲು ಬೋಟ್ಸ್ವಾನಾ ಗಡಿಯ ಮಡಿಕ್ವೆ ರಿಸರ್ವ್ ನೋಡಿ. ಅಲ್ಲಿ ಮಲೇರಿಯಾ ಇಲ್ಲ. ಬೇಲಿ ಇದೆ ಎಂದು ಮೂಗು ಮುರಿಯಬೇಡಿ, ಬೇಲಿಯೊಳಗೆ 75,000 ಹೆಕ್ಟೇರ್ ಇದೆ. ದನದ ಫಾರ್ಮುಗಳಿದ್ದ ಜಾಗವನ್ನು 1991ರಲ್ಲಿ ಕಾಯ್ದಿಟ್ಟು ಸಾವಿರಾರು ಪ್ರಾಣಿಗಳನ್ನು ತಂದು ಬಿಟ್ಟದ್ದು ಅದು.

ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಹುಲ್ಲು ಒಣಗಿ ಪ್ರಾಣಿಗಳು ನೀರಿನ ಹತ್ತಿರ ಬರುತ್ತವೆ. ಅದು ಅಲ್ಲಿನ ಚಳಿಗಾಲ. ಆಫ್ರಿಕಾ ಎಂದರೆ ಸೆಖೆ ಎಂದುಕೊಂಡು ಅರ್ಧ ತೋಳಿನ ಅಂಗಿಯಲ್ಲಿ ಹೋದವರು ತೆರೆದ ಜೀಪಿನಲ್ಲಿ ಗಡಗಡ ನಡುಗುವುದನ್ನು ನೋಡಿದ್ದೇನೆ. ಕೆನ್ಯಾಕ್ಕೆ ಹೋಗುವವರು ಹತ್ತು ದಿನ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಊರಿಗೆ ಮರಳುವಾಗ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಹಾಕುತ್ತಾರೆ. ಲಾಡ್ಜಿಗೆ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ಮೆತ್ತನೆಯ ಚೀಲ, ಸಾಮಾನ್ಯವಾಗಿ 15ರಿಂದ 20 ಕಿಲೋ. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ತಿಳಿಸಿಬಿಡಿ. ಕಾಡಿನ ನಡುವಿನ ಅಡುಗೆಮನೆಗೆ ತರಕಾರಿ ದಿನಾ ಬರುವುದಿಲ್ಲ.