ದಾಖಲೆ ಒಂದು, ನೋಡುವ ಕಿಟಕಿ ಹಲವು

ಹಿಂದೆ ಹೊಲದ ಲೆಕ್ಕ ಪುಸ್ತಕದಲ್ಲಿತ್ತು. ಪುಸ್ತಕ ಇಟ್ಟುಕೊಂಡವರು ಊರಲ್ಲಿ ಇಲ್ಲ ಅಂದ್ರೆ ನಮ್ಮ ಕೆಲಸವೂ ಆಗ್ತಿರಲಿಲ್ಲ. ಈಗ ಲೆಕ್ಕ ಕಂಪ್ಯೂಟರಿನಲ್ಲಿದೆ. ಒಂದು ಕಡೆ ಇಟ್ಟದ್ದನ್ನು ಹಲವು ಕಡೆಯಿಂದ ನೋಡಬಹುದು. ಅದು ಹೇಗೆ?

ಒಂದು ಕಚೇರಿಯಲ್ಲಿ ನಾಲ್ಕು ಕಂಪ್ಯೂಟರ್ ಇವೆ ಅನ್ನಿ. ಎಲ್ಲರಿಗೂ ಬೇಕಾದ ಕಡತಗಳನ್ನು ಒಂದರಲ್ಲಿ ಇಡುತ್ತಾರೆ. ಅದಕ್ಕೆ ಸರ್ವರ್ ಅಂತ ಹೆಸರು. ಕಡತಗಳನ್ನು ಸೇರಿಸಿಟ್ಟ ಜಾಗವೇ ಫೋಲ್ಡರ್. ಉಳಿದ ಮೂರನ್ನೂ ತಂತಿಯಿಂದ ಸರ್ವರಿಗೆ ಜೋಡಿಸುತ್ತಾರೆ. ಆಗ ನೌಕರರು ತಮ್ಮ ಮೇಜಿನಿಂದಲೇ ಆ ಫೋಲ್ಡರ್ ತೆರೆಯುತ್ತಾರೆ.

ಆದರೆ ಎಲ್ಲರಿಗೂ ಒಂದೇ ಹಕ್ಕು ಇರೋದಿಲ್ಲ. ಕೆಲವರು ಓದಬಹುದು, ಅಷ್ಟೇ. ಕೆಲವರು ಮಾತ್ರ ತಿದ್ದಬಹುದು. ಪಾಸ್‌ವರ್ಡ್ ಅನ್ನೋದು ಅದರ ಕೀಲಿಕೈ.

ಹೊಲದ ದಾಖಲೆಯ ಏರ್ಪಾಡು ಇದಕ್ಕಿಂತ ದೊಡ್ಡದು. ಕ್ರಮ ಮಾತ್ರ ಇದೇ. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ನೌಕರರು ಬೆರಳಚ್ಚು ಕೊಟ್ಟೇ ಕಂಪ್ಯೂಟರ್ ತೆರೆಯಬೇಕಿತ್ತು. ಯಾರು ತಿದ್ದಿದರು ಅಂತ ಗೊತ್ತಾಗಬೇಕಲ್ಲ! ರೈತರು ನೋಡಲಿ ಅಂತ ಅವರ ಕಡೆಗೂ ಒಂದು ಪರದೆ ಇಟ್ಟಿದ್ದರು.

ನಮ್ಮ ತಮಿಳುನಾಡಿನಲ್ಲೂ ಪಟ್ಟಾ, ಚಿಟ್ಟಾ ಕಂಪ್ಯೂಟರಿನಲ್ಲಿ ನೋಡಬಹುದು. ಇ-ಸೇವೈ ಕೇಂದ್ರಕ್ಕೆ ಹೋದಾಗ ‘ಪರದೆ ತೋರಿಸಿ ಸ್ವಾಮಿ’ ಅಂತ ಕೇಳಿ. ಬರಹ ತಮಿಳಿನಲ್ಲಿ ಇರುತ್ತೆ. ಅಂಕಿ ಮಾತ್ರ ನೀವು ಕಲಿತ 1, 2, 3. ಮೊದಲು ಸರ್ವೆ ನಂಬರ್ ನೋಡಿ. ಆಮೇಲೆ ಉಪವಿಭಾಗದ ನಂಬರ್. ಆಮೇಲೆ ವಿಸ್ತೀರ್ಣ. ಅದು ಹೆಕ್ಟೇರ್, ಏರ್ ಲೆಕ್ಕದಲ್ಲಿ ಇರುತ್ತೆ. ಒಂದು ಎಕರೆ ಅಂದ್ರೆ ಸುಮಾರು 40 ಏರ್. ಹೆಸರನ್ನು ಓದಿಸಿ ಕೇಳಿ.

ತಪ್ಪು ಕಂಡರೆ ಕೇಂದ್ರದವರು ಅರ್ಜಿ ಹಾಕಿಕೊಡಬಹುದು, ದಾಖಲೆ ತಿದ್ದಲಾರರು. ತಿದ್ದುವ ಹಕ್ಕು ಕಂದಾಯ ಇಲಾಖೆಯದು. ಅರ್ಜಿ ನಂಬರ್ ಇರುವ ರಸೀತಿ ಕೇಳಿ ತನ್ನಿ. ‘ದುಡ್ಡು ಕೊಡು, ಈಗಲೇ ತಿದ್ದಿಸ್ತೀನಿ’ ಅನ್ನೋರನ್ನು ನಂಬಬೇಡಿ. ಫೋನಿಗೆ ಬರುವ ಗುಟ್ಟಿನ ನಂಬರನ್ನು ದಾರಿಹೋಕರಿಗೆ ಹೇಳಬೇಡಿ.

ನಮ್ಮ ಹೊಲದ ದಾಖಲೆಯನ್ನು ಎಷ್ಟೋ ಜನ ತೆರೆದು ನೋಡಬಹುದು. ಉಳುವ ನಾವೇ ನೋಡದೆ ಇದ್ದರೆ ಹೇಗೆ? ವರ್ಷಕ್ಕೆ ಒಂದು ಸಲವಾದರೂ ನೋಡಿ. ಅಕ್ಷರ ಕಲಿತದ್ದು ಇದಕ್ಕೇ.