ಹಗ್ಗ ಎಳೆದು ಕೂರಿಸಿದ ಗ್ಲಾಸು



ಕಾರ್ಕಳದಿಂದ ಬಜಗೋಳಿ ದಾಟಿ ನಾರಾವಿ, ಅಲ್ಲಿಂದ ಗುರುವಾಯನಕೆರೆ. ಈ ದಾರಿಯಲ್ಲಿ ಬಾಡಿಗೆ ಅಂಬಾಸಿಡರುಗಳು ಓಡುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮದುವೆಗೂ ಅದೇ, ಆಸ್ಪತ್ರೆಗೂ ಅದೇ, ಧರ್ಮಸ್ಥಳಕ್ಕೂ ಅದೇ. ಎದುರು ಹೋಗುವ ಲಾರಿಯ ಚಕ್ರದಿಂದ ಒಂದು ಜಲ್ಲಿ ಹಾರಿತೋ, ಮುಂದಿನ ಗ್ಲಾಸು ಕ್ಷಣದಲ್ಲಿ ಕಲ್ಲುಸಕ್ಕರೆ! ಮಳೆಗಾಲವಾದರೆ ಕೇಳುವುದೇ ಬೇಡ. ಡ್ರೈವರು ತಲೆಗೆ ಬೈರಾಸು ಸುತ್ತಿಕೊಂಡು, ಕಣ್ಣು ಕಿರಿದು ಮಾಡಿ ಗ್ಯಾರೇಜಿನವರೆಗೆ ಬಂದರೆ ಅವನ ಪುಣ್ಯ.

ಮೊದಮೊದಲ ಕಾರುಗಳಿಗೆ ಈ ಗ್ಲಾಸೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಓಡಿಸುತ್ತಿದ್ದರು. ಆಮೇಲೆ ಬಂದದ್ದು ಚೌಕಟ್ಟಿಗೆ ಸೇರಿಸಿದ ಚಪ್ಪಟೆ ಗಾಜು, ಮನೆಯ ಕಿಟಕಿಯದ್ದೇ ಜಾತಿ. ನಮ್ಮ ಬೆಳ್ತಂಗಡಿ ತಾಲೂಕಿನಲ್ಲೇ, ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದಾಗ ಹಳೆಯ ಕಾರುಗಳ ಬಾನೆಟ್ಟು ನೋಡಿ ಮುಗಿಸಬೇಡಿ, ಗಾಜನ್ನೂ ನೋಡಿ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ನಮ್ಮ ಸಿಪಿಸಿ ಬಸ್ ಕಂಪೆನಿ ಶುರುವಾದದ್ದು ಅಂಥ ಗಾಜಿನ ಕಾಲದಲ್ಲಿ. ಒಡೆದರೆ ಪೇಟೆಯಲ್ಲಿ ಅಳತೆಗೆ ಕತ್ತರಿಸಿ ತಂದರಾಯಿತು. ಆದರೆ ಅಪಘಾತವಾದಾಗ ಅದೇ ಗಾಜು ಕತ್ತಿಯಾಗುತ್ತಿತ್ತು.

ಅದಕ್ಕೆ ಮದ್ದು ಹೊಳೆದದ್ದು ಫ್ರಾನ್ಸಿನ ಎಡ್ವಾರ್ಡ್ ಬೆನೆಡಿಕ್ಟಸ್‌ಗೆ. 1903ರಲ್ಲಿ ಅವನ ಪ್ರಯೋಗಾಲಯದಲ್ಲಿ ಒಂದು ಗಾಜಿನ ಕುಪ್ಪಿ ಕೆಳಗೆ ಬಿತ್ತಂತೆ. ಒಡೆಯಿತು, ಚೂರಾಗಿ ಚೆಲ್ಲಲಿಲ್ಲ. ಒಳಗೆ ಆರಿಹೋದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಪೇಟೆಂಟು ಪಡೆದ. ಎರಡು ಗಾಜು, ನಡುವೆ ಪೊರೆ: ಅದೇ ಲ್ಯಾಮಿನೇಟೆಡ್ ಗ್ಲಾಸು. ಹಳೆಯ ಪೊರೆ ಬಿಸಿಲಿಗೆ ಹಳದಿಯಾಗುತ್ತಿದ್ದುದರಿಂದ 1930ರ ದಶಕದ ಕೊನೆಗೆ ಬೇರೆ ಪ್ಲಾಸ್ಟಿಕ್ ಬಂತು. ಇನ್ನೊಂದು ಬಗೆ ಟಫನ್ಡ್. ಗಾಜನ್ನು ಕೆಂಪಗೆ ಕಾಸಿ ಗಾಳಿ ಊದಿ ಒಮ್ಮೆಲೇ ತಣಿಸಿದ್ದು, ಕಲ್ಲುಸಕ್ಕರೆಯಾಗುವುದು ಇದೇ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಗಡುವು ಕೊಟ್ಟು ಮುಂದಿನ ಗ್ಲಾಸಿಗೆ ಲ್ಯಾಮಿನೇಟೆಡ್ಡನ್ನೇ ಕಡ್ಡಾಯ ಮಾಡಿದವು.

ಅಷ್ಟರಲ್ಲಿ ಗಾಜು ಬಾಗಿಯೂ ಇತ್ತು. ಜೀಪಿನದು ಚಪ್ಪಟೆಯಾಗಿಯೇ ಉಳಿಯಿತು, ಅಂಬಾಸಿಡರಿನದು ಬಾಗು. ಬಾಗಿದ್ದನ್ನು ಊರಲ್ಲಿ ಕತ್ತರಿಸಲಾಗದು, ಕಂಪೆನಿಯದ್ದೇ ಬರಬೇಕು. ಹಾಗಾದರೆ ಊರಿನ ಮೆಕ್ಯಾನಿಕ್ಕಿಗೆ ಏನು ಉಳಿಯಿತು? ಕೂರಿಸುವ ಕಲೆ.

ಮೊದಲು ವೈಪರ್ ಬಿಚ್ಚಬೇಕು. ಒಳಗಿನ ರಬ್ಬರಿನ ತುಟಿಯನ್ನು ಬ್ಲೇಡಿನಿಂದ ಸೀಳಬೇಕು. ಒಬ್ಬ ಸೀಟಿಗೆ ಬೆನ್ನು ಕೊಟ್ಟು ಎರಡೂ ಕಾಲಿನಿಂದ ಮೇಲಿನ ಮೂಲೆಯನ್ನು ಮೆತ್ತಗೆ ನೂಕುತ್ತಾನೆ. ಹೊರಗಿನವ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿಯುತ್ತಾನೆ. ಗ್ಲಾಸು ಹೋದ ಮೇಲೆ ಕಾಣುವುದು ತುಕ್ಕು. ಬಿರುಕುಬಿಟ್ಟ ರಬ್ಬರಿನ ಸಂದಿನಿಂದ ನಮ್ಮ ಆಟಿ ತಿಂಗಳ ಮಳೆ ಎಷ್ಟು ವರ್ಷ ಇಳಿದಿದೆಯೋ ಯಾರು ಬಲ್ಲರು? ಆ ತುಕ್ಕು ಕೆರೆದು, ರೆಡ್ ಆಕ್ಸೈಡ್ ಹಚ್ಚಿ ಒಣಗಿಸದೆ ಹೊಸ ರಬ್ಬರು ಹಾಕುವವರಿದ್ದಾರೆ. ಅಂಥ ಕೆಲಸಕ್ಕೆ ನನ್ನ ಹಳೆಯ ಕಾರಿನಲ್ಲಿ ನಾನೇ ದಂಡ ತೆತ್ತಿದ್ದೇನೆ: ಮರು ಮಳೆಗಾಲಕ್ಕೆ ಕಾಲಡಿಯಲ್ಲಿ ಕೆರೆ.

ಹೊಸ ರಬ್ಬರನ್ನು ಬಿಸಿಲಿಗಿಟ್ಟು ಮೆತ್ತಗಾಗಿಸಿ ಗ್ಲಾಸಿನ ಸುತ್ತ ತೊಡಿಸುತ್ತಾರೆ. ಅದರ ಹೊರಗಿನ ತೋಡಿನಲ್ಲಿ ಸುತ್ತಲೂ ತೆಳು ನೈಲಾನ್ ಹಗ್ಗ ಕೂರಿಸಿ, ಎರಡು ತುದಿಗಳನ್ನು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಹಾಯಿಸಿ ಒಳಕ್ಕೆ ಇಳಿಬಿಡುತ್ತಾರೆ. ಸಾಬೂನು ನೀರು ಸವರಿ, ಗ್ಲಾಸನ್ನು ಹೊರಗಿನಿಂದ ಚೌಕಟ್ಟಿಗೆ ಒತ್ತಿ ಹಿಡಿದಿರುವಂತೆಯೇ ಒಳಗಿನವ ಹಗ್ಗ ಎಳೆಯುತ್ತಾನೆ. ರಬ್ಬರಿನ ತುಟಿ ತಗಡಿನ ಅಂಚನ್ನು ಇಂಚಿಂಚಾಗಿ ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಒಳಗಿನವನ ಎಳೆತಕ್ಕೂ ಹೊರಗಿನವನ ಒತ್ತಿಗೂ ತಾಳ ತಪ್ಪಬಾರದು. ಲ್ಯಾಮಿನೇಟೆಡ್ ಗ್ಲಾಸಾದರೆ ಒಂದು ಮೂಲೆಗೆ ಒತ್ತು ಹೆಚ್ಚಾದರೂ ಸಾಕು, 'ಟಕ್' ಎಂದು ಗೆರೆ ಓಡುತ್ತದೆ. ಆ ಸದ್ದಿಗೆ ಗ್ಯಾರೇಜಿನಲ್ಲಿ ಎಲ್ಲರ ಬಾಯಿಯೂ ಬಂದ್.

ಈಗಿನ ಕಾರುಗಳಲ್ಲಿ ರಬ್ಬರೂ ಇಲ್ಲ, ಹಗ್ಗವೂ ಇಲ್ಲ. ಗ್ಲಾಸನ್ನು ಯುರೆಥೇನ್ ಅಂಟಿನಿಂದ ಬಾಡಿಗೇ ಅಂಟಿಸುತ್ತಾರೆ. ತೆಗೆಯಲು ಉಕ್ಕಿನ ತಂತಿ ಹಾಯಿಸಿ ಅಂಟನ್ನು ಕೊಯ್ಯಬೇಕು. ಹಾಕಿದ ಮೇಲೆ ಅಂಟು ಹಿಡಿಯುವವರೆಗೆ ಗಾಡಿ ಅಲುಗಿಸಬಾರದು. ಬಾಡಿಯ ಗಟ್ಟಿತನಕ್ಕೆ ಈ ಗ್ಲಾಸೂ ಹೆಗಲು ಕೊಡುವುದರಿಂದ ಇದರಲ್ಲಿ ಅರೆಬರೆ ಕೆಲಸ ಸಲ್ಲದು. ಇದೇ ಒಳ್ಳೆಯದು, ಒಪ್ಪುತ್ತೇನೆ.

2014ರಲ್ಲಿ ಅಂಬಾಸಿಡರ್ ತಯಾರಿ ನಿಂತಿತು. ಇನ್ನೂ ಅದನ್ನು ಅಂಗಳದಲ್ಲಿ ಇಟ್ಟುಕೊಂಡವರಿಗೆ ನನ್ನದೊಂದು ಕಿವಿಮಾತು: ಗ್ಲಾಸು ಹೇಗೋ ಸಿಕ್ಕೀತು, ಮೊದಲು ಒಳ್ಳೆಯ ರಬ್ಬರು ಹುಡುಕಿ. ಹಗ್ಗ ಎಳೆಯಬಲ್ಲ ಹಳಬರು ಊರಲ್ಲಿ ಯಾರಾದರೂ ಇದ್ದರೆ ಮಳೆ ಹಿಡಿಯುವ ಮುಂಚೆಯೇ ಅವರಿಗೆ ಹೇಳಿಡಿ.