ನಮ್ಮ ತಲೆ ತೂತು ಮಡಕೆಯಲ್ಲ



ಕೂತ್ಕೊಳ್ಳಿ. ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಬಂದಿದ್ದೀರಿ. ದಣಿದಿದ್ದೀರಿ. ಇವತ್ತು ಸ್ಲೇಟು ಪಕ್ಕಕ್ಕಿಡಿ. ಸ್ವಲ್ಪ ಹೊತ್ತು ಮಾತಾಡೋಣ.

ನಮ್ಮ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದರು. ಎಂಟು ದಿನ ಬಂದರು. ಒಂಬತ್ತನೇ ದಿನ ಬರಲಿಲ್ಲ. ನಾವು ಅವರ ಮನೆಗೆ ಹೋದೆವು. ಅಜ್ಜಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

“ಯಾಕಜ್ಜಿ ಬರಲಿಲ್ಲ?” ಎಂದು ಕೇಳಿದೆವು.

“ಬಂದು ಏನ್ ಮಾಡ್ಲಿ ಮೇಷ್ಟ್ರೇ? ನೆನ್ನೆ ಕಲಿತದ್ದು ಇವತ್ತು ಇಲ್ಲ. ನನ್ನ ತಲೆ ತೂತು ಮಡಕೆ. ಸುರಿದಷ್ಟೂ ಸೋರಿಹೋಗ್ತದೆ. ಸಂಘದ ಪುಸ್ತಕದಲ್ಲಿ ನನ್ನ ದುಡ್ಡು ಎಷ್ಟು ಬರೆದವ್ರೆ ಅಂತ ನಾನೇ ನೋಡ್ಬೇಕು ಅಂತ ಆಸೆ ಇತ್ತು. ಈ ಜನ್ಮಕ್ಕಿಲ್ಲ, ಬಿಡಿ.”

ಈ ಮಾತನ್ನು ನಿಮ್ಮಲ್ಲೂ ಬಹಳ ಜನ ಹೇಳಿದ್ದೀರಿ. ನಿಜವಾಗಿಯೂ ನಮ್ಮ ತಲೆ ತೂತು ಮಡಕೆಯೇ? ನೋಡೋಣ.

ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವ ಶಾಸ್ತ್ರ ಒಂದಿದೆ. ಅದರ ಹೆಸರು ಮನಃಶಾಸ್ತ್ರ. ಶಿಕ್ಷಕರ ತರಬೇತಿಯಲ್ಲಿ ನಾವು ಅದನ್ನು ಓದಿದೆವು. ಮಕ್ಕಳಿಗೆ ಪಾಠ ಹೇಳಲು ಓದಿದ್ದು. ದೊಡ್ಡವರಿಗೂ ಅದು ಬೇಕು ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಅದರಲ್ಲಿ ಮೂರು ಸಂಗತಿ ಹೇಳುತ್ತೇವೆ. ಗ್ರಹಿಕೆ, ಆಲೋಚನೆ, ನೆನಪು.

ಕಣ್ಣು ನೋಡುತ್ತದೆ, ಮನಸ್ಸು ಗುರುತಿಸುತ್ತದೆ

ಮೊದಲು ಗ್ರಹಿಕೆ. ಮುಸ್ಸಂಜೆಯಲ್ಲಿ ದಾರಿಯಲ್ಲಿ ಹಗ್ಗ ಬಿದ್ದಿದೆ. ಹಾವು ಅಂತ ಹೆದರಿ ಹಿಂದೆ ಹಾರುತ್ತೇವೆ. ಕಣ್ಣು ಉದ್ದನೆಯ, ಡೊಂಕಾದ ಒಂದು ವಸ್ತುವನ್ನು ನೋಡಿತು ಅಷ್ಟೆ. ಹಾವು ಎಂದು ಹೇಳಿದ್ದು ಮನಸ್ಸು. ಕಣ್ಣು ಕಂಡದ್ದನ್ನು ಮನಸ್ಸು ಇಂಥದ್ದು ಅಂತ ಗುರುತಿಸುವುದಕ್ಕೆ ಗ್ರಹಿಕೆ ಎಂದು ಹೆಸರು.

ಈ ಗುರುತು ಹುಟ್ಟಿದಾಗಲೇ ಬರುವುದಿಲ್ಲ. ಬಹಳಷ್ಟನ್ನು ಬಳಕೆಯಿಂದ ಕಲಿಯಬೇಕು. ಕುರಿ ಕಾಯುವ ಅಣ್ಣನನ್ನು ಕೇಳಿ. ನೂರು ಕುರಿ ಇದ್ದರೂ ಯಾವುದು ತನ್ನದು, ಯಾವುದು ಪಕ್ಕದವರದು ಅಂತ ಹೇಳ್ತಾನೆ. ನಮ್ಮಂಥ ಮೇಷ್ಟ್ರಿಗೆ ನೂರು ಕುರಿಯೂ ಒಂದೇ! ಹಾಗೇ ನಿಮಗೆ ಮೊದಲ ವಾರ ‘ಪ’ ಮತ್ತು ‘ಷ’ ಒಂದೇ ಥರ ಕಾಣುತ್ತವೆ. ಅದು ಕಣ್ಣಿನ ದೋಷವಲ್ಲ, ದಡ್ಡತನವೂ ಅಲ್ಲ. ಬಳಕೆ ಇಲ್ಲ, ಅಷ್ಟೆ.

ಇನ್ನೊಂದು ತಮಾಷೆ ನೋಡಿ. ‘ಅಂಗಡಿ’ ಎಂದು ಬರೆಯುತ್ತೇವೆ. ಅಕಾರದ ಪಕ್ಕ ಒಂದು ಸೊನ್ನೆ ಇದೆ. ‘೧೦’ ಎಂದು ಬರೆಯುತ್ತೇವೆ. ಅಲ್ಲೂ ಒಂದು ಸೊನ್ನೆ ಇದೆ. ಎರಡೂ ದುಂಡಗೆ ಒಂದೇ ಥರ. ಆದರೆ ಒಂದನ್ನು ಅಕ್ಷರದ ಜೊತೆ ಓದುತ್ತೇವೆ, ಇನ್ನೊಂದನ್ನು ಲೆಕ್ಕದ ಜೊತೆ ಓದುತ್ತೇವೆ. ಅಕ್ಕಪಕ್ಕ ಏನಿದೆ ಎಂದು ನೋಡಿ ಮನಸ್ಸು ತೀರ್ಮಾನ ಮಾಡುತ್ತದೆ. ಆದ್ದರಿಂದ ಒಂಟಿ ಅಕ್ಷರವನ್ನೇ ದಿಟ್ಟಿಸಿ ಕೂರಬೇಡಿ. ಇಡೀ ಪದವನ್ನು ನೋಡಿ.

ಓದದವರಿಗೆ ಬುದ್ಧಿ ಇಲ್ಲವೇ?

ಎರಡನೆಯದು ಆಲೋಚನೆ. ೧೯೩೧ ಮತ್ತು ೧೯೩೨ರಲ್ಲಿ ಲೂರಿಯಾ ಎಂಬ ರಷ್ಯದ ವಿಜ್ಞಾನಿ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋದರು. ಶಾಲೆಗೆ ಹೋಗದ ರೈತರ ಜೊತೆ ಮಾತಾಡಿದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ, ಈ ನಾಲ್ಕರ ಚಿತ್ರ ತೋರಿಸಿದರು. ಇದರಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದರು.

ಶಾಲೆ ಕಲಿತವರು ದಿಮ್ಮಿ ಎಂದರು. ಉಳಿದ ಮೂರೂ ಹತಾರ ತಾನೆ? ಆದರೆ ಓದದ ರೈತರು ಯಾವುದನ್ನೂ ಬಿಡಲು ಒಪ್ಪಲಿಲ್ಲ. ದಿಮ್ಮಿಯೇ ಇಲ್ಲದಿದ್ದರೆ ಗರಗಸ, ಕೊಡಲಿ ಇಟ್ಟುಕೊಂಡು ಏನು ಮಾಡೋದು ಅನ್ನುವುದು ಅವರ ಮಾತು.

ಇದು ಬುದ್ಧಿ ಇಲ್ಲದವರ ಉತ್ತರವೇ? ಅಲ್ಲ. ಅವರು ಕೆಲಸವನ್ನು ಮುಂದಿಟ್ಟುಕೊಂಡು ಯೋಚನೆ ಮಾಡಿದರು. ಶಾಲೆ ಕಲಿತವರು ಜಾತಿವಾರು ವಿಂಗಡಿಸಿ ಯೋಚನೆ ಮಾಡಿದರು. ಎರಡೂ ಆಲೋಚನೆಯೇ. ಮೊದಲನೆಯದು ನಿಮಗೆ ಆಗಲೇ ಬರುತ್ತದೆ. ಎರಡನೆಯದನ್ನು ಅಕ್ಷರದ ಜೊತೆ ಕಲಿಯುತ್ತೀರಿ. ರಾಗಿ ಒಂದು ಸಾಲು, ಗೊಬ್ಬರ ಒಂದು ಸಾಲು, ಕೂಲಿ ಒಂದು ಸಾಲು ಅಂತ ಖರ್ಚನ್ನು ವಿಂಗಡಿಸಿ ಬರೆಯುವಾಗ ಅದೇ ಬೇಕಾಗುವುದು.

ಮರೆವು ಎಲ್ಲರಿಗೂ ಇದೆ

ಮೂರನೆಯದು ನೆನಪು. ಜರ್ಮನಿಯಲ್ಲಿ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರಿದ್ದರು. ಅವರು ಅರ್ಥವಿಲ್ಲದ ಚಿಕ್ಕ ಚಿಕ್ಕ ಪದಗಳನ್ನು ತಾವೇ ಬಾಯಿಪಾಠ ಮಾಡಿದರು. ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಹಾಕಿದರು. ೧೮೮೫ರಲ್ಲಿ ಅದನ್ನು ಪುಸ್ತಕ ಮಾಡಿದರು. ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿತ್ತು. ಅಷ್ಟು ದೊಡ್ಡ ವಿದ್ವಾಂಸರಿಗೇ ಹೀಗಾಯಿತು! ಹಾಗಿರುವಾಗ ನೆನ್ನೆಯ ಪಾಠ ಇವತ್ತು ಮರೆತರೆ ನಾವು ನಾಚಬೇಕೇ?

ಅವರು ಇನ್ನೂ ಎರಡು ಮಾತು ಕಂಡುಕೊಂಡರು. ಮರೆತದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಹೊತ್ತು ಬೇಡ. ಒಂದೇ ದಿನ ಕೂತು ಉರು ಹೊಡೆಯುವುದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಕಲಿತರೆ ಒಳ್ಳೆಯದು.

ನೆನಪು ಮಡಕೆಯ ಥರ ಅಲ್ಲ, ಕಾಲುದಾರಿಯ ಥರ. ದಿನಾ ನಡೆದರೆ ದಾರಿ ಉಳಿಯುತ್ತದೆ. ಬಿಟ್ಟರೆ ಹುಲ್ಲು ಬೆಳೆಯುತ್ತದೆ. ಮತ್ತೆ ನಾಲ್ಕು ದಿನ ನಡೆದರೆ ದಾರಿ ಕಾಣುತ್ತದೆ.

ಇನ್ನೊಂದು ವಿಷಯ. ಒಂದೇ ಸಲಕ್ಕೆ ಮನಸ್ಸು ಹಿಡಿಯುವುದು ಸ್ವಲ್ಪವೇ. ಮೊಬೈಲ್ ನಂಬರಿನಲ್ಲಿ ಹತ್ತು ಅಂಕಿ. ಒಂದೇ ಉಸಿರಿಗೆ ಹೇಳಿದರೆ ಓದಿದವರಿಗೂ ನಿಲ್ಲುವುದಿಲ್ಲ. ಐದು ಐದು ಮಾಡಿ ಹೇಳಿದರೆ ನಿಲ್ಲುತ್ತದೆ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಪಾಠ ಬೇಗ ಮುಗಿಯಲಿ ಅಂತ ನಾವು ಒಂದೇ ಸಂಜೆಗೆ ಹತ್ತು ಅಕ್ಷರ ಹೇಳಿಕೊಟ್ಟಿದ್ದೆವು. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದು, ಕೊಡ ತೂತು ಅಂದಂತಾಯಿತು.

ಅವತ್ತು ನಾವು ಅಜ್ಜಿಯನ್ನು ಕೇಳಿದೆವು: “ಅಜ್ಜಿ, ನಿಮಗೆ ಎಷ್ಟು ಸೋಬಾನೆ ಪದ ಬರ್ತದೆ?”

ಅಜ್ಜಿ ನಕ್ಕರು. “ಲೆಕ್ಕ ಯಾರಿಟ್ಟವ್ರೆ? ಮದುವೆ ಮನೇಲಿ ರಾತ್ರಿ ಕೂತರೆ ಬೆಳಗಾಗ್ತದೆ.”

“ಹೆಂಗೆ ಕಲಿತ್ರಿ?”

“ಅವ್ವ ಹೇಳೋಳು. ನಾನು ಸೊಲ್ಲಿಗೆ ಸೊಲ್ಲು ಸೇರಿಸ್ತಿದ್ದೆ. ಕೇಳಿ ಕೇಳಿ, ಹೇಳಿ ಹೇಳಿ ಬಂತು.”

ನೋಡಿ, ದಾರಿ ಅಜ್ಜಿಗೇ ಗೊತ್ತಿತ್ತು. ಪದಕ್ಕೆ ಅರ್ಥ ಇತ್ತು, ರಾಗ ಇತ್ತು. ದಿನಾ ಹೇಳುತ್ತಿದ್ದರು. ಅಕ್ಷರವೂ ಹಾಗೇ ಬರುತ್ತದೆ. ಮಾರನೇ ದಿನದಿಂದ ನಾವು ಸಂಜೆಗೆ ಮೂರೇ ಅಕ್ಷರ ಹೇಳಿದೆವು. ‘ರ’ ಎಂದರೆ ರಾಗಿಯ ರ. ‘ಗ’ ಎಂದರೆ ಗಂಗೆಯ ಗ. ಗಂಗೆ ಅಜ್ಜಿಯ ಎಮ್ಮೆ.

ನೆನಪೂ ಮೋಸ ಮಾಡುತ್ತದೆ

ನೆನಪು ಇಷ್ಟು ಗಟ್ಟಿಯಾದರೆ ಅಕ್ಷರ ಯಾಕೆ ಬೇಕು ಎಂದು ನೀವು ಕೇಳಬಹುದು. ಕೇಳಿ.

೧೯೭೪ರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಇಬ್ಬರು ಒಂದು ಪರೀಕ್ಷೆ ಮಾಡಿದರು. ಕಾರುಗಳು ಡಿಕ್ಕಿ ಹೊಡೆಯುವ ಚಿತ್ರ ತೋರಿಸಿದರು. ಕೆಲವರನ್ನು ‘ಗುದ್ದಿದಾಗ ಎಷ್ಟು ವೇಗ ಇತ್ತು?’ ಎಂದು ಕೇಳಿದರು. ಬೇರೆಯವರನ್ನು ‘ಜೋರಾಗಿ ಅಪ್ಪಳಿಸಿದಾಗ ಎಷ್ಟು ವೇಗ ಇತ್ತು?’ ಎಂದು ಕೇಳಿದರು. ಒಂದು ವಾರ ಬಿಟ್ಟು, ಗಾಜು ಒಡೆದದ್ದು ನೋಡಿದಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ‘ಅಪ್ಪಳಿಸಿದಾಗ’ ಎಂಬ ಮಾತು ಕೇಳಿದವರಲ್ಲಿ ಹೆಚ್ಚು ಜನ ‘ನೋಡಿದೆವು’ ಎಂದರು. ಅವರು ಬೇಕೆಂದು ಸುಳ್ಳು ಹೇಳಲಿಲ್ಲ. ಆಮೇಲೆ ಕೇಳಿದ ಮಾತು ಅವರ ನೆನಪಿನೊಳಗೆ ಸೇರಿಕೊಂಡಿತ್ತು.

ಇನ್ನು ಅಜ್ಜಿಯ ಕಥೆ. ಯುಗಾದಿ ಕಳೆದ ಮೇಲೆ ಸಂಘದಲ್ಲಿ ಜಗಳ ಆಯಿತು. ವಾರಕ್ಕೆ ೨೦ ರೂಪಾಯಿ ಕಟ್ಟಬೇಕು. ಹಬ್ಬದ ವಾರದ ಸಾಲು ಅಜ್ಜಿಯ ಪುಸ್ತಕದಲ್ಲಿ ಖಾಲಿ. “ನಾನು ಕೊಟ್ಟಿದ್ದೀನಿ. ಸೆರಗಿನಿಂದ ಬಿಚ್ಚಿ ಕೊಟ್ಟದ್ದು ಕಣ್ಣಿಗೆ ಕಟ್ಟಿದಂಗೈತೆ” ಅಂದರು ಅಜ್ಜಿ. “ಕೊಟ್ಟಿಲ್ಲ” ಅಂದಳು ಲೆಕ್ಕ ಬರೆಯುವ ಹುಡುಗಿ. ಅವಳ ಕಣ್ಣಲ್ಲಿ ನೀರು ಬಂತು.

ಅಜ್ಜಿ ಪುಸ್ತಕವನ್ನು ಕೈಗೆ ತಗೊಂಡರು. ಸಾಲಿನ ಮೇಲೆ ಬೆರಳಿಟ್ಟರು. ಮುಂದಿನ ವಾರದ ಸಾಲಿನಲ್ಲಿ ಬೆರಳು ನಿಂತಿತು.

“ನಾಕು... ಪಕ್ಕದಲ್ಲಿ ಸೊನ್ನೆ. ನಲವತ್ತು!”

ಆಗ ನೆನಪಾಯಿತು. ಹಬ್ಬದ ವಾರ ಸಂಘದ ಸಭೆಯೇ ಇರಲಿಲ್ಲ. ಮುಂದಿನ ವಾರ ಅಜ್ಜಿ ಎರಡು ವಾರದ್ದೂ ಸೇರಿಸಿ ಕೊಟ್ಟಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ದುಡ್ಡು ಕೊಟ್ಟದ್ದು ನಿಜ. ಹಬ್ಬದ ವಾರ ಕೊಡದೇ ಇದ್ದದ್ದೂ ನಿಜ.

ಅಜ್ಜಿ ಹುಡುಗಿಯ ತಲೆ ಸವರಿದರು. “ನನ್ನ ಮನಸ್ಸೇ ನನಗೆ ಆಟ ಆಡಿಸ್ತು ಕಣವ್ವ” ಅಂದರು.

ಬಂಧುಗಳೇ, ಕೈಸಾಲ, ಕೂಲಿ, ಪಾಲು ಇವುಗಳ ವಿಷಯದಲ್ಲಿ ಊರೂರಲ್ಲಿ ಜಗಳ ಇದೆ. ಎಲ್ಲ ಜಗಳದಲ್ಲೂ ಒಬ್ಬರು ಕಳ್ಳರು ಇರಬೇಕೆಂದಿಲ್ಲ. ನೆನಪು ಬದಲಾಗುತ್ತದೆ, ಬರೆದದ್ದು ಹಾಗೇ ಇರುತ್ತದೆ. ಕೊಟ್ಟ ದಿನವೇ ಬರೆಯಿರಿ. ತಾರೀಖು ಹಾಕಿ. ಓದಿ ನೋಡದೆ ಹೆಬ್ಬೆಟ್ಟು ಒತ್ತಬೇಡಿ.

ಮರೆತರೆ ಹೆದರಬೇಡಿ. ಮರೆತೆ ಅಂತ ಮನೆಯಲ್ಲಿ ಕೂರಬೇಡಿ. ಮರೆತವರೇ ಮೊದಲು ಬನ್ನಿ. ಎಲ್ಲರೂ ಸೇರಿ ಮತ್ತೆ ಕಲಿಯೋಣ.

ಈಗ ಸ್ಲೇಟು ತಗೊಳ್ಳಿ. ನೆನ್ನೆಯ ಮೂರು ಅಕ್ಷರ ಬರೆಯಿರಿ. ಬರದಿದ್ದರೆ ಪಕ್ಕದವರದ್ದು ನೋಡಿ ಬರೆಯಿರಿ. ಇಲ್ಲಿ ಅದು ತಪ್ಪಲ್ಲ.